ಅಮ್ಮಾವರಿಗೆ ನಾನು ಮಾಡಿದ ಫ್ಲೆಕ್ಸು

ಆ ಫೋಟೋ ಅಂಗಡಿಯ ವಾಟ್ಸಾಪಿಗೆ ಬಂದಾಗ ನಾನು ಯಾರದೋ ನಾಮಕರಣದ ಫ್ಲೆಕ್ಸಿಗೆ ಬಲೂನು ಕೂರಿಸುತ್ತಿದ್ದೆ. ಫೋಟೋದ ಕೆಳಗೆ ‘ಶ್ರದ್ಧಾಂಜಲಿ ಫ್ಲೆಕ್ಸ್, ಗುಬ್ಬಿ, ಅರ್ಜೆಂಟ್’ ಎಂದು ಬರೆದಿತ್ತು. ತೆರೆದು ನೋಡಿದೆ. ತೆಂಗಿನ ತೋಟದೊಳಗಿನ ಉದ್ದನೆಯ ಹಜಾರ. ಗಿಳಿಹಸಿರು ಜರಿ ಸೀರೆ ಉಟ್ಟ ವಯಸ್ಸಾದ ಹೆಂಗಸು. ಎಡಗೈಯಲ್ಲಿ ಸೆರಗನ್ನು ಎದೆಗೆ ಒತ್ತಿಕೊಂಡು ಬಲಗೈಯಲ್ಲಿ ಸ್ಟೀಲ್ ತಟ್ಟೆ ನೀಡುತ್ತಿದ್ದಾರೆ, ತಟ್ಟೆಯಲ್ಲಿ ಮುದ್ದೆ. ಆ ತಟ್ಟೆಗೆ ಕೈಯೊಡ್ಡಿ, ಅತ್ತು ಊದಿದ ಕಣ್ಣುಗಳನ್ನು ಕ್ಯಾಮೆರಾದ ಕಡೆ ಬಿಟ್ಟುಕೊಂಡು ನಿಂತಿದ್ದವಳು ನಮ್ಮವ್ವ.

ಸತ್ತಿದ್ದವರು ಆ ಜರಿ ಸೀರೆಯ ಅಮ್ಮಾವರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆಡದವರು ಆಡದೇ ಇರಲಿ, ನಾನು ಆಡುತ್ತೇನೆ. ಉಂಡ ಮನೆಗೆ ಎರಡು ಬಗೆಯಬಾರದು ಎಂದೂ ಹೇಳುತ್ತಾರೆ. ಬಗೆದಿದ್ದೇನೆ. ಹೇಗೆ ಬಗೆದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕುಣಿಗಲ್. ಅಪ್ಪ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ. ಅಲ್ಲೇ ರೂಮು ಮಾಡಿಕೊಂಡು ಭಾನುವಾರಕ್ಕೆ ಮನೆಗೆ ಬರುತ್ತಿದ್ದ. ಬರುಬರುತ್ತಾ ಭಾನುವಾರಗಳು ತಪ್ಪಿದವು, ಆಮೇಲೆ ಫೋನೂ ತಪ್ಪಿತು. ಅವ್ವ ಹುಡುಕಿಕೊಂಡು ಹೋದಾಗ ರೂಮಿನ ಓನರ್ ಇದ್ದ ವಿಷಯ ಹೇಳಿದ. ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬಳೊಡನೆ ಸಂಸಾರ ಹೂಡಿ ಅಪ್ಪ ಹೊಸೂರಿನ ಕಡೆ ಹೋಗಿಬಿಟ್ಟಿದ್ದ. ಅವ್ವ ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮುಖ ತೊಳೆದು ಬೀದಿಗೆ ಬಂದವಳು ಹೇಳಿದ್ದೇ ಬೇರೆ. ‘ನಮ್ಮೋರ್ಗೆ ಬಳ್ಳಾರಿಗೆ ಟ್ರಾನ್ಸ್‌ಫರ್ ಆಗೈತೆ. ಅಲ್ಲಿ ಮನೆ ಸಿಕ್ತಿದ್ದಂಗೆ ನಾವೂ ಹೋಗ್ತೀವಿ.’

ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದು ಅವ್ವನ ಸುಳ್ಳು, ಅವ್ವನ ಮಾನ. ಬಾಡಿಗೆ ಮನೆ ಉಳಿಸಿಕೊಳ್ಳುವುದು ಆಗಲಿಲ್ಲ. ಅವ್ವನ ತಮ್ಮನ ಮನೆಗೆ ಹೋದರೆ ಬಳ್ಳಾರಿಯ ಸುಳ್ಳು ಹೊರಬೀಳುತ್ತಿತ್ತು. ಗುಬ್ಬಿ ಹತ್ತಿರದ ಒಂದು ತೋಟದಲ್ಲಿ ಕಷ್ಟದಲ್ಲಿರುವವರನ್ನು ಪುಕ್ಕಟೆ ಇಟ್ಟುಕೊಳ್ಳುತ್ತಾರೆ ಎಂದು ಯಾರೋ ಹೇಳಿದ್ದರು. ಹೊರಟ ದಿನ ನಮ್ಮ ಮನೆಯ ಹಿಂದಿನ ಮನೆಯಾಕೆ ಅವ್ವನನ್ನು ಮಣೆಯ ಮೇಲೆ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಗಂಡನ ಮನೆಗೆ ಹೊರಟ ತಂಗಿಗೆ ಕಟ್ಟುವ ಹಾಗೆ ಮಡಿಲಕ್ಕಿ ಕಟ್ಟಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಒಂದು ರವಿಕೆ ಬಟ್ಟೆ. ಅವ್ವ ಸೆರಗೊಡ್ಡಿ ಈಸಿಕೊಂಡಳು. ಬೇಡ ಎನ್ನುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತಲ್ಲ...

ಬಿದರೆಹಳ್ಳಿ ಕಾವಲ್ ದಾಟಿ ಮಣ್ಣುದಾರಿಯಲ್ಲಿ ಒಳಕ್ಕೆ ಹೋದರೆ ಆ ತೋಟ. ಗೇಟಿನ ಮೇಲೆ ‘ನೊಂದವರಿಗೆ ಉಚಿತ ವಸತಿ, ಊಟ’ ಎಂಬ ಬೋರ್ಡು. ಅಮ್ಮಾವರು ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರ ಹೆಂಡತಿ. ಗಂಡ ತೀರಿಕೊಂಡ ಮೇಲೆ ತೋಟದಲ್ಲಿ ಸಾಲಾಗಿ ಶೀಟಿನ ರೂಮುಗಳನ್ನು ಕಟ್ಟಿಸಿ, ಈ ಸೇವೆ ಶುರುಮಾಡಿದ್ದರು. ಸುಳ್ಳು ಹೇಳಬಾರದು, ಹೊಟ್ಟೆ ತುಂಬ ಇಕ್ಕುತ್ತಿದ್ದರು. ಚಾಪೆ, ಕಂಬಳಿ, ಸೋಪು, ಜ್ವರ ಬಂದರೆ ಮಾತ್ರೆ, ಯಾವುದಕ್ಕೂ ಕೊರತೆಯಿರಲಿಲ್ಲ. ಬದಲಿಗೆ ಏನನ್ನೂ ಕೇಳುತ್ತಿರಲಿಲ್ಲ, ಭಾನುವಾರದ ಒಂದು ಮಾತನ್ನು ಬಿಟ್ಟು.

ಭಾನುವಾರ ತೋಟಕ್ಕೆ ಹೊರಗಿನವರು ಬರುತ್ತಿದ್ದರು. ಹುಟ್ಟಿದಹಬ್ಬಕ್ಕೆ ಊಟ ಹಾಕಿಸುವವರು, ಸಂಘದವರು, ಹಳೇ ಬಟ್ಟೆ ತರುವವರು. ಎಲ್ಲರೂ ಸಾಲಾಗಿ ಕೂತು, ತಟ್ಟೆಗೆ ಮುದ್ದೆ ಸಾರು ಬಡಿಸಿದ ಮೇಲೆ ಅಮ್ಮಾವರು ಎದ್ದು ನಿಲ್ಲುತ್ತಿದ್ದರು. ನಮ್ಮಲ್ಲೊಬ್ಬರು ಎಲ್ಲರ ಮುಂದೆ ನಿಂತು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಬೇಕು. ಆಮೇಲೆ ಅಮ್ಮಾವರೇ ಹೇಳಿದವರ ಕೈಗೆ ತಟ್ಟೆ ಕೊಡುತ್ತಾರೆ, ಫೋಟೋ ಆಗುತ್ತದೆ, ಆಮೇಲೆ ಊಟ. ಕುಡುಕ ಗಂಡ, ಮನೆಯಿಂದ ದಬ್ಬಿದ ಸೊಸೆ, ಬಾರದ ಮಕ್ಕಳು, ಎಲ್ಲವನ್ನೂ ನಾನು ಆರುತ್ತಿರುವ ಮುದ್ದೆಯನ್ನು ನೋಡಿಕೊಂಡೇ ಕೇಳಿದ್ದೇನೆ. ಆರಿದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ತಿಂದವರಿಗೆ ಗೊತ್ತು. ಚಿಕ್ಕವಳಿದ್ದಾಗ ಜಾತ್ರೆ ಕಾಲದಲ್ಲಿ ಮಠಗಳಲ್ಲಿ ಪ್ರಸಾದಕ್ಕೆ ಕೂತಿದ್ದೇನೆ. ಅಲ್ಲಿ ಬಡಿಸುವವರು ಇನ್ನೊಂದು ಸೌಟು ಹಾಕಲಾ ಎಂದು ಕೇಳುತ್ತಾರೆಯೇ ಹೊರತು ಯಾಕೆ ಬಂದೆ ಎಂದು ಕೇಳುವುದಿಲ್ಲ. ಅಂಥ ಸೀಮೆಯಲ್ಲಿ ಹುಟ್ಟಿಯೂ ಅಮ್ಮಾವರಿಗೆ ಅದು ತಿಳಿಯಲಿಲ್ಲ.

ಅವ್ವ ಜಾಣೆ. ಬಂದ ಮೊದಲ ವಾರದಲ್ಲೇ ಅಡುಗೆಮನೆಗೆ ಹೊಕ್ಕು ಮುದ್ದೆ ತಿರುವುವ ಕೋಲನ್ನು ಹಿಡಿದುಕೊಂಡಳು. ಅಷ್ಟು ಜನಕ್ಕೆ ಮುದ್ದೆ ತಿರುವಿ ಕಟ್ಟುವವಳನ್ನು ಒಲೆಯ ಮುಂದಿನಿಂದ ಎಬ್ಬಿಸುವ ಹಾಗಿಲ್ಲ. ಹಿಟ್ಟು ಗಂಟಾಗಿಬಿಡುತ್ತದೆ. ಭಾನುವಾರ ಬಂತೆಂದರೆ ಅವ್ವ ಬೇಕೆಂದೇ ಕೊನೆಯ ಹಂಡೆಯನ್ನು ತಡಮಾಡಿ ಇಡುತ್ತಿದ್ದಳು. ಹೊರಗೆ ಯಾರಾದರೂ ಅಳುತ್ತಿರುವಾಗ ಒಳಗೆ ಅವಳ ಕೋಲು ತಿರುಗುತ್ತಿರುತ್ತಿತ್ತು. ಹೀಗೆ ಸುಮಾರು ಕಾಲ ತಪ್ಪಿಸಿಕೊಂಡಳು. ಅಮ್ಮಾವರು ನೋಡುತ್ತಲೇ ಇದ್ದರು.

ಒಂದು ಭಾನುವಾರ ಗೇಟಿನ ಮುಂದೆ ನಿಂತ ವ್ಯಾನಿನಿಂದ ಕುಣಿಗಲ್ಲಿನ ಒಂದು ಮಹಿಳಾ ಸಂಘದವರು ಇಳಿದರು. ಅಡುಗೆಮನೆಯ ಕಿಟಕಿಯಿಂದ ನೋಡಿದ ಅವ್ವನ ಕೈ ನಿಂತಿತು. ಇಳಿದವರಲ್ಲಿ ಹಿಂದಿನ ಮನೆಯಾಕೆಯೂ ಇದ್ದಳು, ಮಡಿಲಕ್ಕಿ ಕಟ್ಟಿದವಳು. ಅವ್ವ ಕೈಯನ್ನೂ ತೊಳೆಯದೆ ನೇರವಾಗಿ ಅಮ್ಮಾವರ ರೂಮಿಗೆ ಹೋದಳು. ನಾನು ಹಿಂದೆಯೇ ಇದ್ದೆ.

‘ಅಮ್ಮಾವ್ರೇ, ಅವರು ನಮ್ಮೂರೋರು. ಅವರಿಗೆ ಏನೂ ಗೊತ್ತಿಲ್ಲ. ಇವತ್ತೊಂದಿನ ನಾವು ಹೊರಕ್ಕೆ ಬರಲ್ಲ, ಒಳಗೇ ಇದ್ಬುಡ್ತೀವಿ. ನಿಮ್ಮ ಕಾಲಿಗೆ ಬೀಳ್ತೀನಿ.’

ಅಮ್ಮಾವರು ಎಲ್ಲವನ್ನೂ ಕೇಳಿಸಿಕೊಂಡರು. ಯಾವ ಬೀದಿ, ಯಾವ ಮನೆ, ಬಳ್ಳಾರಿಯ ಕಥೆ, ಎಲ್ಲವನ್ನೂ. ಅವ್ವನ ತಲೆ ಸವರಿದರು. ‘ಅವರಿಗೆ ಗೊತ್ತಿಲ್ಲ ಅನ್ನೋದೇ ನಿನ್ನ ಕಾಯಿಲೆ ಕಣಮ್ಮ. ನಿಮ್ಮೂರವರ ಮುಂದೆಯೇ ಹೇಳ್ಕೊಂಡುಬಿಡು. ಎಷ್ಟು ಹಗುರ ಆಗ್ತೀಯ ನೋಡ್ತಿರು’ ಎಂದರು.

ಗೊತ್ತಿಲ್ಲದೆ ಮಾಡಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಗೊತ್ತಿದ್ದೇ ಮಾಡಿದರು. ಬಡಿಸಿದ ಮೇಲೆ ಎದ್ದು ನಿಂತು, ‘ಇವತ್ತು ನಿಮ್ಮೂರಿನ ಹೆಣ್ಣುಮಗಳೇ ಮಾತಾಡ್ತಾಳೆ’ ಎಂದು ಅಡುಗೆಮನೆಯ ಬಾಗಿಲಿಗೆ ಹೋಗಿ ಅವ್ವನ ಕೈ ಹಿಡಿದು ಕರೆತಂದರು. ಅವ್ವನ ಮೊಣಕೈತನಕ ಹಿಟ್ಟು ಮೆತ್ತಿತ್ತು. ಸುಮಾರು ಹೊತ್ತು ತಲೆ ತಗ್ಗಿಸಿ ನಿಂತಿದ್ದಳು. ಓಡಿಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಸಾಲಿನಲ್ಲಿ ಕೂತವರ ಕೈಗಳು ತಟ್ಟೆಯ ಮೇಲೆಯೇ ನಿಂತಿದ್ದವು, ಮುದ್ದೆಯ ಆವಿ ಕಡಿಮೆಯಾಗುತ್ತಿತ್ತು. ಬಡಿಸಿದ ಊಟದ ಮುಂದೆ ಜನರನ್ನು ಕಾಯಿಸುವುದು ಅವ್ವನ ಕೈಲಿ ಆಗದ ಮಾತು, ಅವಳನ್ನು ಬೆಳೆಸಿದ ರೀತಿಯೇ ಅಂಥದ್ದು. ಅವರು ಉಣ್ಣಲಿ ಎಂದೇ ಅವಳು ಹೇಳಿದಳು. ಗಂಡ ಬಳ್ಳಾರಿಯಲ್ಲಿಲ್ಲ, ಬಿಟ್ಟುಹೋದ, ನಾನು ನಿಮಗೆಲ್ಲ ಸುಳ್ಳು ಹೇಳಿದೆ. ಅಷ್ಟೇ ಮಾತು. ಅಳು ಬಂದದ್ದು ಆಮೇಲೆ.

ಹಿಂದಿನ ಮನೆಯಾಕೆ ತಟ್ಟೆಯಿಂದ ತಲೆ ಎತ್ತಿದಳು. ‘ಮಡ್ಲಕ್ಕಿ ಇಸ್ಕಂಡೋದ್ಯಲ್ಲೇ...’ ಎಂದಳು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅಷ್ಟರಲ್ಲಿ ಅಮ್ಮಾವರು ತಟ್ಟೆ ನೀಡಿದರು, ಯಾರೋ ಫೋಟೋ ತೆಗೆದರು. ಊಟವಾದ ಮೇಲೆ ಅಮ್ಮಾವರು ಅಡುಗೆಮನೆಗೆ ಬಂದು ‘ಈಗ ಹಗುರ ಆಯ್ತಲ್ವಾ?’ ಎಂದು ಅವ್ವನನ್ನು ಕೇಳಿದರು. ಅವ್ವ ಹಂಡೆ ಉಜ್ಜುತ್ತಿದ್ದಳು. ನನಗೆ ಆ ಕೋಲು ತೆಗೆದುಕೊಂಡು ಅವರ ತಲೆಗೆ ಕುಕ್ಕಬೇಕು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಆ ಫೋಟೋಗೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದರು. ಹೋಗಲು ಬೇರೆ ಜಾಗವಿಲ್ಲದೆ ನಾವು ಅದರ ಕೆಳಗೇ ಉಂಡೆವು, ಅದರ ಕೆಳಗೇ ಕಸ ಗುಡಿಸಿದೆವು. ಕುಣಿಗಲ್ಲಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಡಿಸೈನ್ ಮಾಡುವುದನ್ನು ಕಲಿತಿದ್ದೆ. ಅದರ ಪುಣ್ಯದಿಂದ ತುಮಕೂರಿನ ಈ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿ, ಒಂದು ರೂಮು ಮಾಡಿ ಅವ್ವನನ್ನು ಕರೆತಂದೆ. ಅವ್ವ ಒಂದು ಪಿ.ಜಿ.ಯಲ್ಲಿ ಅಡುಗೆಗೆ ಸೇರಿದಳು. ಅಂದಿನಿಂದ ಅವಳ ಬಾಯಲ್ಲಿ ಕುಣಿಗಲ್ ಬಂದಿಲ್ಲ. ಯಾವೂರು ಎಂದು ಯಾರಾದರೂ ಕೇಳಿದರೆ ‘ಇಲ್ಲೇ, ತುಮ್ಕೂರು’ ಎನ್ನುತ್ತಾಳೆ. ಸ್ವಂತ ತಮ್ಮನ ಮಗಳ ಮದುವೆ ಕುಣಿಗಲ್ಲಿನಲ್ಲಿ ಆಯಿತು, ಮಂಡಿನೋವು ಎಂದು ಹೋಗಲಿಲ್ಲ. ಅವಳ ಮಂಡಿಗೆ ಏನೂ ಆಗಿರಲಿಲ್ಲ.

ನಾನು ಮಾತ್ರ ಒಂದು ದಿನಕ್ಕಾಗಿ ಹಲ್ಲು ಮಸೆಯುತ್ತಿದ್ದೆ. ಅಮ್ಮಾವರು ಎದುರಿಗೆ ಸಿಗಬೇಕು, ಸುತ್ತ ಜನ ಇರಬೇಕು, ಅವರ ಮಾನವನ್ನು ಅವರ ಕೈಗೇ ಕಿತ್ತುಕೊಡಬೇಕು. ಆಡುವ ಮಾತುಗಳೆಲ್ಲ ತಯಾರಾಗಿದ್ದವು. ಅಷ್ಟರಲ್ಲಿ ಅವರು ಸುಖವಾಗಿ, ನಿದ್ದೆಯಲ್ಲಿ ಸತ್ತರು. ಅಂಗಡಿಯ ವಾಟ್ಸಾಪಿನಲ್ಲಿ ಫೋಟೋ ನೋಡಿದಾಗ ನನಗೆ ಮೊದಲು ಬಂದದ್ದು ದುಃಖವೇ. ನನ್ನ ಸೇಡನ್ನೂ ಜೊತೆಗೇ ಕೊಂಡುಹೋದರಲ್ಲ ಎಂಬ ದುಃಖ.

ನಾವಿದ್ದಷ್ಟು ಕಾಲ ತೋಟದ ಕಡೆ ತಲೆಹಾಕಿರದ ಅಮ್ಮಾವರ ಮಗ ಫೋನ್ ಮಾಡಿದ. ಅಮ್ಮ ಒಬ್ಬರೇ ಇರುವ ಫೋಟೋನೇ ಇಲ್ಲ ಮೇಡಂ, ಎಲ್ಲದರಲ್ಲೂ ಯಾರಿಗಾದರೂ ಏನಾದರೂ ಕೊಡುತ್ತಾ ಇದ್ದಾರೆ, ಇದೊಂದರಲ್ಲಿ ಮುಖ ಲಕ್ಷಣವಾಗಿದೆ ಎಂದ. ಪಕ್ಕದ ಹೆಂಗಸನ್ನು ತೆಗೆಯಲಾ ಎಂದು ಕೇಳಿದೆ. ‘ನಿಮಗೆ ಹೆಂಗೆ ಚೆನ್ನಾಗ್ ಕಾಣುತ್ತೋ ಹಂಗೆ ಮಾಡಿ’ ಎಂದ.

ಮಾಡಿದೆ. ಮೊದಲು ಅವ್ವನನ್ನು ಅಂಚು ಹಿಡಿದು ಬಿಡಿಸಿ ಅಳಿಸಿದೆ. ಆಮೇಲೆ ತಟ್ಟೆಯನ್ನು ಅಳಿಸಿದೆ. ತಟ್ಟೆ ಹೋದ ಮೇಲೆ ಅಮ್ಮಾವರ ಮುಂಗೈ ಮಾತ್ರ ಉಳಿಯಿತು, ತಟ್ಟೆಯಡಿ ಮುಚ್ಚಿಹೋಗಿದ್ದ ಅಂಗೈ ಫೋಟೋದಲ್ಲಿ ಇರಲೇ ಇಲ್ಲ. ನನ್ನ ಅಂಗೈಯನ್ನೇ ಮೊಬೈಲಿನಲ್ಲಿ ತೆಗೆದು, ಬಣ್ಣ ಹೊಂದಿಸಿ, ಅಲ್ಲಿಗೆ ಕೂಡಿಸಿದೆ. ನೋಡಿದೆ. ಸೆರಗನ್ನು ಎದೆಗೊತ್ತಿಕೊಂಡು, ಬಲಗೈ ಚಾಚಿ, ಬರಿ ಅಂಗೈ ಮೇಲೆ ಮಾಡಿ, ಸಾಹುಕಾರರ ಹೆಂಡತಿ ಬೇಡುತ್ತಾ ನಿಂತಿದ್ದರು.

ಫ್ಲೆಕ್ಸ್ ಮಾಡಿಸುವವರ ಚಾಳಿ ನನಗೆ ಗೊತ್ತಿದೆ. ಕೆಳಗಿನ ಸಾಲಿನಲ್ಲಿ ‘ದುಃಖತಪ್ತರು’ ಎಂದು ಹಾಕುವ ದುಂಡು ಫೋಟೋಗಳಲ್ಲಿ ಪ್ರತಿಯೊಬ್ಬರೂ ತಮ್ಮ ಮುಖ, ತಮ್ಮ ಹೆಸರು ನೋಡಿಕೊಳ್ಳುತ್ತಾರೆ. ಸತ್ತವರನ್ನು ಯಾರೂ ನೋಡುವುದಿಲ್ಲ. ಒಪ್ಪಿಗೆಗೆ ಕಳಿಸಿದೆ. ‘ನನ್ನ ಫೋಟೋ ಸ್ವಲ್ಪ ದೊಡ್ಡದು ಮಾಡಿ, ಉಳಿದಿದ್ದೆಲ್ಲಾ ಸೂಪರ್’ ಎಂದು ಉತ್ತರ ಬಂತು. ದೊಡ್ಡದು ಮಾಡಿ ಪ್ರಿಂಟಿಗೆ ಹಾಕಿದೆ.

ಫ್ಲೆಕ್ಸು ಗುಬ್ಬಿ ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿದ ಮಾರನೆಯ ದಿನ ಅಂಗಡಿಗೆ ರಜೆ ಹಾಕಿ, ಏನೂ ಹೇಳದೆ ಅವ್ವನನ್ನು ಬಸ್ಸು ಹತ್ತಿಸಿದೆ. ಫ್ಲೆಕ್ಸಿನ ಕೆಳಗೆ ಇಬ್ಬರು ಹೆಂಗಸರು ನಿಂತಿದ್ದರು. ‘ಇದೇನೇ ಹಿಂಗ್ ಕೈ ಚಾಚ್ಕಂಡವ್ರೆ, ಭಿಕ್ಷೆಗೆ ನಿಂತಂಗೆ?’ ಎಂದಳು ಒಬ್ಬಳು. ಇನ್ನೊಬ್ಬಳು ‘ಸುಮ್ಕಿರೇ, ಸತ್ತೋಗವ್ರೆ’ ಎಂದು ಗದರಿದಳು, ಆದರೆ ಅವಳಿಗೂ ನಗು ತಡೆಯಲಾಗಲಿಲ್ಲ. ಆ ಮಾತನ್ನು ಕೇಳುವುದಕ್ಕಾಗಿ ನಾನು ಗುಬ್ಬಿತನಕ ನಡೆದುಕೊಂಡಾದರೂ ಬರುತ್ತಿದ್ದೆ.

ಅವ್ವ ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಸೀರೆಯ ಗುರುತು ಹತ್ತಿತು. ಚಾಚಿದ ಕೈಯ ಮುಂದಿನ ಖಾಲಿ ಜಾಗವನ್ನು ನೋಡಿದಳು.

‘ನಾನೆಲ್ಲೇ?’

‘ತೆಗ್ದಾಕ್ಬುಟ್ಟೆ ಕಣವ್ವ.’

ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಎಂದು ಹೆದರಿದೆ. ಭುಜ ಕುಣಿಸಿಕೊಂಡು ನಗುತ್ತಿದ್ದಳು. ಕುಣಿಗಲ್ ಬಿಟ್ಟ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು, ಅದನ್ನು ಮುಚ್ಚಿಡುವುದಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಅವ್ವ ಕೇಳಿದಳು, ‘ಇಲ್ಲಿಂದ ಕುಣಿಗಲ್‌ಗೆ ಬಸ್ಸೈತೇನೇ?’

ತುಮಕೂರಿಗೆ ಹೋಗಿ ಬದಲಾಯಿಸಬೇಕು ಎಂದೆ. ಹೂಂ ಎಂದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತಳು. ನನ್ನ ಲೆಕ್ಕ ತಪ್ಪಿದ್ದು ಎಲ್ಲಿ ಎಂದು ನನಗೆ ಆಗ ತಿಳಿಯಿತು. ಕುಣಿಗಲ್ಲಿನಲ್ಲಿ ಈ ಫ್ಲೆಕ್ಸು ಕಟ್ಟಿಲ್ಲ. ಅಲ್ಲಿಯವರು ನೋಡಿದ್ದು ಆವತ್ತಿನ ಅವ್ವನನ್ನು, ಅವರ ಕಣ್ಣೊಳಗಿನಿಂದ ಅವಳನ್ನು ಅಳಿಸುವ ಕೆಲಸ ನನಗೆ ಬರುವುದಿಲ್ಲ. ಅಮ್ಮಾವರ ಮೇಲೆ ಇನ್ನೆಷ್ಟು ಸೇಡು ತೀರಿಸಿಕೊಂಡರೂ ಅವಳ ಊರನ್ನು ಅವಳಿಗೆ ವಾಪಸ್ ಕೊಡಲು ನನ್ನಿಂದ ಆಗುವುದಿಲ್ಲ.

ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ಕುಣಿಗಲ್, ಕುಣಿಗಲ್’ ಎಂದು ಕೂಗುತ್ತಿದ್ದ. ಅವ್ವ ಆ ಬಸ್ಸಿನತನಕ ಹೋದಳು. ಮೆಟ್ಟಿಲಿನ ಹತ್ತಿರ ನಿಂತು, ಒಳಗೆ ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಸೆರಗು ಹೊದ್ದುಕೊಂಡು ತಿರುಗಿದಳು.

‘ನಡಿಯೇ, ಸೊಪ್ಪು ತಕಂಡ್ ಹೋಗಾನ’ ಎಂದಳು.

ರೂಮಿನ ದಾರಿ ಹಿಡಿದೆವು. ಸ್ವಲ್ಪ ಹೊತ್ತಿಗೆ ಆ ಬಸ್ಸು ನಮ್ಮನ್ನು ದಾಟಿಕೊಂಡು ಹೋಯಿತು. ಅವ್ವ ತಲೆ ಎತ್ತಲಿಲ್ಲ.