ಅವ್ವನ ಕಣ್ಣು, ಹಣಿಗಿ ಹಲ್ಲು

ಅವ್ವನ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತು. ಮೊಮ್ಮಗಳು ಶಾಲೆಯಲ್ಲಿ ಕುಣಿದ ಡಿವಿಡಿಯನ್ನು ಹೊಸ ಕಣ್ಣಿನಿಂದ ನೋಡಬೇಕೆಂದು ಟಿ.ವಿ. ಮುಂದೆ ಕೂತಳು. ಹುಡುಗಿ ಕೈ ಬೀಸಿದ್ದೇ ತಡ, ಅವ್ವನ ಹುಬ್ಬು ಗಂಟಾಯಿತು.

“ಕೈಗೆ ಹಣಿಗಿ ಹಲ್ಲು ಮೂಡ್ಯಾವಲ್ಲೋ ತಮ್ಮಾ! ನಿಂತಾಗ ಛಲೋ ಕಾಣತಾಳ, ಕುಣದ್ರ ಅಂಚೆಲ್ಲಾ ಬಾಚಣಿಕಿ ಆಗತೈತಿ.”

ಚಿಂತೆ ಮಾಡುವುದಕ್ಕೆ ಓವರ್‌ಟೈಮ್ ಕೊಡುವುದಾಗಿದ್ದರೆ ಇಷ್ಟು ಹೊತ್ತಿಗೆ ಸಾಫ್ಟ್‌ವೇರ್ ಮಂದಿಯ ಗಚ್ಚಿಬೌಲಿಯಲ್ಲಿ ನನ್ನದೂ ಒಂದು ಫ್ಲಾಟ್ ಇರುತ್ತಿತ್ತು. ಆಪರೇಶನ್ ಕೆಟ್ಟಿತು ಎಂದೇ ತೀರ್ಮಾನಿಸಿದೆ. ನನ್ನ ಚಿಂತೆಗೆ ಸಿಟ್ಟಾಗಿ ಹೊರಬರುವುದೊಂದೇ ದಾರಿ ಗೊತ್ತು.

“ಕಣ್ಣು ತಿಕ್ಕೀದಿ! ತಿಕ್ಕಬ್ಯಾಡ ಅಂತ ಎಷ್ಟು ಬಡಕೊಂಡೆ?”

“ಇಲ್ಲೋ.”

“ಹಂಗಾರ ತಲಿಗೆ ನೀರು ಹಾಕ್ಕೊಂಡಿ!”

ನಾನು ಆಸ್ಪತ್ರೆಗೆ ಫೋನ್ ಮಾಡಲು ಎದ್ದಾಗ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದಳು: “ನನಗೂ ಹಂಗ ಕಾಣಾಕತ್ತೈತ್ರಿ. ನಂದೂ ಆಪರೇಶನ್ ಕೆಟ್ಟಿರಬೇಕು.”

ಆಗ ಮೊದಲ ಸಲ ಟಿ.ವಿ. ನೋಡಿದೆ. ಹಲ್ಲುಗಳು ನನಗೂ ಕಂಡವು. ಫೋನು ಆಸ್ಪತ್ರೆಯ ಬದಲು, ಡಿವಿಡಿ ಪ್ಲೇಯರ್ ಕೊಂಡಿದ್ದ ಕೋಠಿಯ ಅಂಗಡಿಗೆ ಹೋಯಿತು. ಬಾಯಿಗೆ ಬಂದಂತೆ ಬೈದೆ.

“ಅರೆ ಸಾಬ್, ಪಿ-ಸ್ಕ್ಯಾನ್ ಬಂದ್ ಕರೋ! ಆಪೀಚ್ ಬೋಲೇ ನಾ, ಪ್ರೊಗ್ರೆಸಿವೀಚ್ ಹೋನಾ ಬೋಲ್ಕೆ!” ಎಂದ ಅಂಗಡಿಯವ.

ಹೌದು, ‘ಪ್ರೊಗ್ರೆಸಿವ್ ಸ್ಕ್ಯಾನ್’ ಇರುವ ಪ್ಲೇಯರೇ ಬೇಕೆಂದು ಕೇಳಿದ್ದು ನಾನೇ. ಊರಿಗೆಲ್ಲ ಸಾಫ್ಟ್‌ವೇರ್ ಹುಚ್ಚು ಹಿಡಿದಿರುವಾಗ ಸರ್ಕಾರಿ ಕಾರ್ಖಾನೆಯ ನೌಕರ ಹಿಂದೆ ಬೀಳಬಾರದಲ್ಲ! ವಿಡಿಯೊದವನ ಕ್ಯಾಮೆರಾ ಚಿತ್ರವನ್ನು ಅರ್ಧರ್ಧ ಹಿಡಿಯುತ್ತದಂತೆ: ಮೊದಲು ಬೆಸ ಗೆರೆಗಳು, ಚೂರು ಹೊತ್ತಿನ ನಂತರ ಸಮ ಗೆರೆಗಳು. ಒಂದಾದ ಮೇಲೊಂದು ತೋರಿಸಿದರೆ ಕಣ್ಣು ತಾನೇ ಹೊಂದಿಸಿಕೊಳ್ಳುತ್ತದೆ. ನನ್ನ ಅಗ್ಗದ ‘ಪ್ರೊಗ್ರೆಸಿವ್’ ಡಬ್ಬಿ ಎರಡನ್ನೂ ಕಣ್ಣು ಮುಚ್ಚಿ ಹೆಣೆದು ಒಂದೇ ಚಿತ್ರವೆಂದು ಎಸೆಯುತ್ತಿತ್ತು. ಎರಡು ಅರ್ಧಗಳ ನಡುವಿನ ಹೊತ್ತಿನಲ್ಲಿ ಹುಡುಗಿಯ ಕೈ ಸರಿದಿರುತ್ತದೆ, ಗೆರೆಗೆ ಗೆರೆ ಕೂಡುವುದಿಲ್ಲ.

ಹಲ್ಲು ಕಡಿಯುತ್ತ ರಿಮೋಟ್ ಒತ್ತಿ ಪ್ರಗತಿಯನ್ನು ಬಂದ್ ಮಾಡಿದೆ. ಕೈಗಳು ನುಣ್ಣಗಾದವು.

“ಈಗ ಬಳಿ ಸೈತ ಕಾಣತಾವ,” ಎಂದಳು ಅವ್ವ. ನನ್ನತ್ತ ತಿರುಗದೆಯೇ ಸೆರಗು ಸರಿಸಿದಳು. ಕೂದಲು ಜಿಡ್ಡಾಗಿ ಗಂಟುಗಟ್ಟಿತ್ತು. “ನೀರಿನ ಮಾತು ಬಿಡೋ, ಕಣ್ಣಿಗೆ ಜಗ್ಗೀತಂತ ಹದಿನೈದು ದಿನ ಹಣಿಗಿ ಸೈತ ಮುಟ್ಟಿಲ್ಲ ನಾ.”

ಸಿಟ್ಟು ಇನ್ನೂ ಇಳಿದಿರಲಿಲ್ಲ. ಬೈಯಬೇಕಾದವನನ್ನು ಹುಡುಕಿಕೊಂಡು ಕೋಠಿಗೆ ಹೋಗುವ ಅಗತ್ಯವಿರಲಿಲ್ಲ, ಅಷ್ಟೇ.