ದುರ್ಗಾದೇವಿಯ ಸಂತೆ, ಸರಿತಾಳ ಸಂತೆ

ಯಾರನ್ನಾದರೂ ಸಂತೆಗೆ ಕರೆತರಬೇಕೆಂದರೆ ಸಗರದ ದುರ್ಗಾದೇವಿ ಅವರ ಹೊಸ್ತಿಲ ಮೇಲೆ ಹೋಗಿ ಕೂತುಬಿಡುತ್ತಿದ್ದಳು. ಹೂಂ ಎನ್ನುವವರೆಗೆ ಏಳುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಊರಿನ ಮಹಿಳಾ ಸಂಘಗಳೆಲ್ಲ ಸೇರಿ ಮಂಗಳವಾರದ ಸಂಜೆ ಸಂತೆ ಶುರು ಮಾಡಿದಾಗ, ಮಾರುವವರನ್ನು ಹುಡುಕಿ ತರುವ ಹೊಣೆ ಅವಳ ಪಾಲಿಗೆ ಬಂದಿತ್ತು. ಶಹಾಪುರದ ಪೇಟೆ ಇಷ್ಟು ಹತ್ತಿರ ಇರುವಾಗ ಇಲ್ಲಿ ಯಾರು ಕೊಳ್ಳುತ್ತಾರೆ ಎಂದು ಊರವರು ನಕ್ಕಿದ್ದರು. ಅವಳು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಮೊದಲ ದಿನ ಬೋಣಿ ಆಗದವರು ಎರಡನೇ ವಾರ ಬರುವುದಿಲ್ಲ ಎಂಬುದು ಅವಳಿಗೆ ಬೇಗ ತಿಳಿಯಿತು. ಹೊಸಬರು ಬಂದ ದಿನ ತನ್ನ ಓಣಿಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಅವರ ಮುಂದೆ ಕಳಿಸುತ್ತಿದ್ದಳು.

ಆದರೂ ಸಂತೆ ಸಂತೆಯಾದದ್ದು ಅಲ್ಮಾಸ ಬಂದ ಮೇಲೆ. ಅಲ್ಮಾಸ ಶಹಾಪುರದ ಬಳೆಗಾರ್ತಿ. ಬುಟ್ಟಿ ಹೊತ್ತು ಮನೆ ಮನೆಗೆ ಹೋಗುತ್ತಿದ್ದವಳು. ಅವಳು ಕೈ ಹಿಡಿದರೆ ಎಂಥ ಬಿಗಿ ಬಳೆಯೂ ನೋವಿಲ್ಲದೆ ಏರುತ್ತದೆ ಎಂಬ ಮಾತಿತ್ತು. ದುರ್ಗಾದೇವಿ ನಾಲ್ಕು ಸಲ ಅವಳ ಮನೆಗೆ ಅಲೆದಳು. ಪ್ರತಿ ಸಲವೂ ಅಲ್ಮಾಸ ಚಹಾ ಕೊಟ್ಟು ಒಲ್ಲೆ ಅಂದಳು. ಐದನೇ ಸಲ ದುರ್ಗಾದೇವಿ ಹೋದವಳೇ ಕೈ ಮುಂದೆ ಚಾಚಿ, "ಸಂತಿ ಮಾತು ಬ್ಯಾಡ. ಬಳಿ ಇಡು" ಅಂದಳು. ಬಳೆ ಇಡುತ್ತ ಅಲ್ಮಾಸಳಿಗೆ ನಗು ಬಂತು. ಮುಂದಿನ ಮಂಗಳವಾರ ಬಂದೇಬಿಟ್ಟಳು.

ದುರ್ಗಾದೇವಿ ಅವಳಿಗೆ ರಸ್ತೆಗೆ ಮುಖ ಮಾಡಿದ, ಎಲ್ಲರ ಕಣ್ಣಿಗೂ ಬೀಳುವ ಮೊದಲ ಜಾಗ ಕೊಟ್ಟಳು. ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರು ಕಾಯಿಪಲ್ಲೆಯನ್ನೂ ಕೊಂಡರು, ಮಸ್ತಾನಸಾಬನ ಚುರುಮುರಿಯನ್ನೂ ಕಟ್ಟಿಸಿಕೊಂಡು ಹೋದರು. ಆರು ತಿಂಗಳಲ್ಲಿ ಸಂತೆ ರಸ್ತೆಯ ತಿರುವಿನವರೆಗೆ ಬೆಳೆಯಿತು. ಸಂತೆ ಮುಗಿದ ಮೇಲೆ ಇಬ್ಬರೂ ಬುಟ್ಟಿಯ ಪಕ್ಕ ಕೂತು ಮನೆಯ ಕಷ್ಟಸುಖ ಮಾತಾಡುವುದು ರೂಢಿಯಾಯಿತು. ದುರ್ಗಾದೇವಿಗೆ ಅಕ್ಕತಂಗಿಯರಿರಲಿಲ್ಲ. ವಾರವಿಡೀ ಆ ಅರ್ಧ ತಾಸಿಗೆ ಕಾಯುತ್ತಿದ್ದಳು.

ಹೀಗಿರುವಾಗ ಶಿರವಾಳದಿಂದ ಸರಿತಾ ಎಂಬ ಹುಡುಗಿ ಬಂದಳು. ಮದುವೆಯಾಗಿ ಎರಡು ವರ್ಷ ಆಗಿತ್ತು, ಮಾತು ಕಡಿಮೆ. "ನಮ್ಮೂರಾಗೂ ಸಂತಿ ಮಾಡಬೇಕಂತ ಸಂಘದಾಗ ಮಾತಾಗ್ಯಾದ್ರಿ ಅಕ್ಕಾರ. ಹೆಂಗ ಮಾಡೋದು, ನೀವಾ ಕಲಿಸ್ರಿ" ಅಂದಳು. ದುರ್ಗಾದೇವಿ ಹಿಗ್ಗಿ, ತನಗೆ ಗೊತ್ತಿದ್ದನ್ನೆಲ್ಲ ಎರಡು ದಿನ ಕೂರಿಸಿ ಹೇಳಿಕೊಟ್ಟಳು. ಹೊಸ್ತಿಲ ಮೇಲೆ ಕೂರುವುದನ್ನೂ ಹೇಳಿಕೊಟ್ಟಳು.

ಶಿರವಾಳದ ಸಂತೆಯೂ ಮಂಗಳವಾರವೇ ಶುರುವಾಯಿತು. ಮೂರನೇ ವಾರ ಅಲ್ಮಾಸ ಸಗರಕ್ಕೆ ಬರಲಿಲ್ಲ. ಜ್ವರ ಬಂದಿರಬೇಕೆಂದುಕೊಂಡಳು ದುರ್ಗಾದೇವಿ. ಮರುವಾರವೂ ಜಾಗ ಖಾಲಿ. ಮಸ್ತಾನಸಾಬ ಚುರುಮುರಿ ಕಲಸುತ್ತಲೇ, "ಆಕಿ ಶಿರವಾಳಕ್ಕ ಹೋಗಾಕತ್ತಾಳ್ರಿ ಅಕ್ಕಾರ. ನಿಮಗ ಗೊತ್ತಿಲ್ಲೇನು?" ಅಂದ.

ಅಂದು ದುರ್ಗಾದೇವಿ ಮನೆಗೆ ಬಂದು ಗಂಡ ಅಮರಪ್ಪನ ಮುಂದೆ, "ನಾ ಕಲಿಸಿದ ಹುಡುಗಿ ನನ್ನ ಮನಿಗೇ ಕನ್ನ ಹಾಕ್ಯಾಳ" ಎಂದು ಕೂಗಾಡಿದಳು. ಅಮರಪ್ಪ, "ಬಳಿಗಾರ್ತಿ ಅಕಿ. ಎಲ್ಲಿ ಕೈ ಸಿಗತಾವ ಅಲ್ಲಿ ಹೋಗತಾಳ" ಅಂದದ್ದಕ್ಕೆ ಅವನಿಗೂ ಬೈಗುಳ ಬಿತ್ತು.

ಆಮೇಲಿನ ವಾರಗಳಲ್ಲಿ ಅವಳು ಬೇರೆಯೇ ಹೆಂಗಸಾದಳು. ಮಾರುವವರಲ್ಲಿ ಒಬ್ಬೊಬ್ಬರ ಬಳಿಯೂ ಹೋಗಿ, "ಸರಿತಾ ನಿನ್ನೂ ಕರದಾಳೇನು? ಖರೇ ಹೇಳು" ಎಂದು ಪೀಡಿಸಿದಳು. ಸೊಪ್ಪು ಮಾರುವ ರೇಣಮ್ಮನಿಗೆ ಬೇಸರವಾಗಿ, "ಕರದಿಲ್ಲಬೇ. ನೀ ಹಿಂಗ ದಿನಾ ಕೇಳಿದರ ನಾನಾ ಹೋಗತೀನಿ" ಅಂದಳು. ಯಾರ ಕೈಯಲ್ಲಾದರೂ ಹೊಸ ಬಳೆ ಕಂಡರೆ ಅದನ್ನು ಶಿರವಾಳದಲ್ಲೇ ಇಡಿಸಿಕೊಂಡರೇನೋ ಎಂದು ದುರ್ಗಾದೇವಿಯ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

ಕೊನೆಗೆ ಒಂದು ಮಂಗಳವಾರ ತನ್ನ ಸಂತೆಯನ್ನು ರೇಣಮ್ಮನಿಗೆ ಒಪ್ಪಿಸಿ, ಟಂಟಂ ಆಟೋ ಹತ್ತಿ ಶಿರವಾಳಕ್ಕೆ ಹೋದಳು. ಸಂತೆ ಚಿಕ್ಕದು. ಅಲ್ಮಾಸ ಹಿಂದಿನ ಸಾಲಿನಲ್ಲಿ, ಒಂದು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಏಳೆಂಟು ಹೆಂಗಸರು ಸರದಿಗೆ ಕಾಯುತ್ತಿದ್ದರು. ಪಕ್ಕದಲ್ಲಿ ಸರಿತಾ ಅಲ್ಮಾಸಳ ಡಬ್ಬಿಯಿಂದಲೇ ರೊಟ್ಟಿ ಮುರಿದು ತಿನ್ನುತ್ತಿದ್ದಳು. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಅಲ್ಮಾಸ ಸಂತೆ ಬಿಟ್ಟು ಹೋದದ್ದಕ್ಕಿಂತ ಆ ರೊಟ್ಟಿ ದುರ್ಗಾದೇವಿಯನ್ನು ಹೆಚ್ಚು ಸುಟ್ಟಿತು.

ಸರದಿಯಲ್ಲಿದ್ದವರ ಹತ್ತಿರ ಹೋಗಿ ಗಟ್ಟಿಯಾಗಿಯೇ ಅಂದಳು: "ನೋಡಿ ಇಡಿಸ್ಕೋರಿ ಯವ್ವಾ. ಹಳೇ ಮಾಲದು. ನಮ್ಮೂರಾಗ ಎರಡು ದಿನಕ್ಕ ಒಡದಾವ."

ಬಳೆ ಇಡಿಸಿಕೊಳ್ಳುತ್ತಿದ್ದವಳು ಕೈ ಹಿಂದೆ ಎಳೆದುಕೊಂಡಳು. ಒಬ್ಬರ ಹಿಂದೆ ಒಬ್ಬರು ಸರಿದುಹೋದರು. ಸರಿತಾ ಬಾಯಲ್ಲಿ ತುತ್ತಿಟ್ಟುಕೊಂಡೇ ಎದ್ದು ನಿಂತಳು. ಅಲ್ಮಾಸ ಮಾತ್ರ ಕೂತಲ್ಲೇ ತಲೆ ಎತ್ತಿ ಕೇಳಿದಳು.

"ನನ್ನ ಬಳಿ ಯಾರ ಕೈಯಾಗ ಒಡದಾವಕ್ಕಾ?"

ದುರ್ಗಾದೇವಿ ಸರಿತಾಳ ಕಡೆ ಕೈ ತೋರಿಸಿ, "ಈಕಿ ನಿನ್ನ ಏನಂತ ಹೇಳಿ ಕರಕೊಂಡು ಬಂದಾಳ, ಅದನ್ನ ಹೇಳು" ಅಂದಳು.

"ಯಾರೂ ಕರದಿಲ್ಲ. ನಾನಾ ಬಂದು ಜಾಗಾ ಕೇಳೀನಿ. ಸಂಜಿ ಬಿಸಲು ಬರೋಬ್ಬರಿ ಮಾರಿಗೆ ಹೊಡಿತಿತ್ತು ಸಗರದಾಗ. ಗಾಜಿನ ಮ್ಯಾಲ ಬಿದ್ದು ಕಣ್ಣು ಕುಕ್ಕತಿತ್ತು. ಅಳತಿ ತಪ್ಪಿ ಒಂದು ಹುಡುಗಿ ಕೈಗೆ ರಕ್ತಾ ಬಂತು."

"ನನಗ ಹೇಳಬೇಕಿತ್ತು!"

"ಹೇಳೀನಕ್ಕಾ. ಎರಡು ಸಲ ಹೇಳೀನಿ. 'ಎಲ್ಲಾರೂ ಬೇಡೋ ಜಾಗಾ ನಿನಗ ಕೊಟ್ಟೇನಿ, ಸುಮ್ನ ಕೂಡು' ಅಂದಿ."

ಅಂದದ್ದು ದುರ್ಗಾದೇವಿಗೆ ನೆನಪಾಯಿತು. ಪ್ರೀತಿಯಿಂದಲೇ ಅಂದಿದ್ದಳು. ಅಲ್ಮಾಸ ಹಿಂದೆ ಸರಿದರೆ ಬರುವ ಹೆಂಗಸರ ಕಣ್ಣಿಗೆ ಸಂತೆ ಬೀಳುವುದಿಲ್ಲ ಎಂಬ ಲೆಕ್ಕವೂ ಆ ಪ್ರೀತಿಯಲ್ಲಿತ್ತು. ಶಿರವಾಳದ ಸೊಪ್ಪಿನವಳೊಬ್ಬಳ ಹತ್ತಿರ ಗುಂಪಾಗಿದ್ದ ಹೆಂಗಸರ ಕಡೆ ನಡೆದು, "ನಾ ಸುಳ್ಳು ಹೇಳೀನ್ರಿ. ಹೊಟ್ಟಿಕಿಚ್ಚಿಗೆ ಹೇಳೀನಿ. ಆಕಿ ಬಳಿ ಚಲೋ ಅದಾವ" ಅಂದಳು. ಒಬ್ಬಳು ನಕ್ಕು ಅಲ್ಮಾಸಳ ಬಳಿಗೆ ವಾಪಸು ಹೋದಳು. ಉಳಿದವರು ಅಂದು ಹೋಗಲಿಲ್ಲ.

ಮುಂದಿನ ಮಂಗಳವಾರ ಸಗರದಲ್ಲಿ ಅವಳು ಪ್ರತಿಯೊಬ್ಬರನ್ನೂ, "ನಿನಗ ಎಲ್ಲಿ ಕೂಡಬೇಕನಸ್ತದ?" ಎಂದು ಕೇಳಿದಳು. ದೊಡ್ಡ ಗದ್ದಲವೇ ಆಯಿತು. ರೇಣಮ್ಮ ಚರಂಡಿ ವಾಸನೆಯ ದೂರು ಎತ್ತಿದಳು. ಮೂರು ವರ್ಷದಿಂದ ಮೂಗು ಮುಚ್ಚಿಕೊಂಡು ಕೂತಿದ್ದಳಂತೆ. ಮಸ್ತಾನಸಾಬ ತಾನಿದ್ದಲ್ಲಿಂದ ಕದಲುವುದಿಲ್ಲ ಅಂದ. ಅರ್ಧ ಸಂತೆ ಜಾಗ ಬದಲಿಸಿತು.

ಅಲ್ಮಾಸ ಬರಲಿಲ್ಲ. ಹತ್ತು ದಿನ ಕಳೆದು ಬಂದವಳು ಸರಿತಾ. "ಅಕ್ಕಾರ, ನಿಮ್ಮ ಸಂತಿ ಗುರುವಾರ ಇಟ್ಟರ ಮಾರೋರು ಎರಡೂ ಕಡಿ ಬರತಾರ್ರಿ. ನಮಗೂ ಜನ ಸಾಲವಲ್ರು" ಅಂದಳು. ಮಾತು ಸರಿಯಾಗಿತ್ತು. ಹೇಳಿದವಳು ಸರಿತಾ ಎಂಬ ಒಂದೇ ಕಾರಣಕ್ಕೆ ದುರ್ಗಾದೇವಿ ಅದನ್ನು ಸಂಘದ ಮುಂದಿಡಲು ಪೂರಾ ಒಂದು ತಿಂಗಳು ತಡ ಮಾಡಿದಳು.

ಈಗ ಸಗರದ ಸಂತೆ ಗುರುವಾರ. ಅಲ್ಮಾಸ ಬರುತ್ತಾಳೆ, ಶಾಲೆಯ ಕಟ್ಟಡದ ನೆರಳಲ್ಲಿ ಮೂರನೇ ಸಾಲಿನಲ್ಲಿ ಕೂರುತ್ತಾಳೆ. ಹೆಂಗಸರು ಅಲ್ಲಿಯವರೆಗೂ ಹುಡುಕಿಕೊಂಡೇ ಹೋಗುತ್ತಾರೆ. ಮೊದಲಿನ ಸಲಿಗೆ ಮರಳಲು ತಿಂಗಳುಗಳೇ ಹಿಡಿದವು. ಶಿರವಾಳದಿಂದ ಇನ್ನೂ ನಾಲ್ವರು ಮಾರುವವರು ಗುರುವಾರಕ್ಕೆ ಬಂದಿದ್ದಾರೆ, ಸರಿತಾಳೇ ಕಳಿಸಿದ್ದು.

ಮಂಗಳವಾರ ಬಂದರೆ ಮಾತ್ರ ದುರ್ಗಾದೇವಿಗೆ ಮನೆಯಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ. ಶಿರವಾಳದಲ್ಲಿ ಅಲ್ಮಾಸ, ಸರಿತಾ ಇಬ್ಬರೂ ಈಗ ಏನು ಮಾತಾಡುತ್ತಿರಬಹುದು ಎಂದು ಅಮರಪ್ಪನನ್ನು ಕೇಳುತ್ತಾಳೆ. ಎರಡು ದಿನ ತಡೆದು ಅವಳು ಅಲ್ಮಾಸಳನ್ನೇ ಕೇಳುತ್ತಾಳೆ. ಅಲ್ಮಾಸ ಹೇಳುತ್ತಾಳೆ, ಎಲ್ಲವನ್ನೂ ಅಲ್ಲ.