ಅಡಿಗೆಯವರು ಕುದಿಸಿ ಕೊಟ್ಟ ಶೀಶೆ

ಹೋಟೆಲು ಇಡಬೇಕೆಂದಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಡಿಗೆಯವರನ್ನು ಗೊತ್ತುಮಾಡುವಾಗ ಸಾರಿನ ರುಚಿ ನೋಡಿದರೆ ಸಾಲದು, ಅವರ ಮಡಿ ಎಷ್ಟೆಂಬುದನ್ನೂ ವಿಚಾರಿಸಿಕೊಳ್ಳಿ. ನನಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಬಸ್ಸು ನಿಲ್ಲುವಲ್ಲಿ ಕಡಲೆಕಾಯಿ ಬೇಯಿಸಿ ಮಾರುತ್ತಿದ್ದವನು ನಾನು. ಅರವತ್ತರ ದಶಕದ ಹೊತ್ತಿಗೆ ಹಳೇಬೀಡಿನಲ್ಲಿ ಹೋಟೆಲು ಮಾಡಿಕೊಂಡಿದ್ದೆ. ಅದು ನಡೆಯುತ್ತಿದ್ದುದು ಬೇಲೂರಿನಿಂದ ಕರೆತಂದ ಅಡಿಗೆಯವರಿಂದ. ಅವರದು ದೇವಸ್ಥಾನದ ಅಡಿಗೆಮನೆಯ ವಂಶ. ಪಾತ್ರೆ, ಸೌಟು, ಒರೆಸುವ ಬಟ್ಟೆ, ಕಣ್ಣಿಗೆ ಕಂಡದ್ದನ್ನೆಲ್ಲ ಕುದಿನೀರಿಗೆ ಹಾಕಿ ತೆಗೆಯುವ ಮನುಷ್ಯ.

ಆ ವರ್ಷ ಊರಿನಲ್ಲಿ ಕೆಲವರು ವಿಷಮಶೀತ ಜ್ವರದಿಂದ ಮಲಗಿದರು. ಮಲಗಿದವರೆಲ್ಲ ನಿಮ್ಮಲ್ಲಿ ತಿಂದವರೇ ಎಂದು ಹೆಲ್ತ್ ಇನ್‌ಸ್ಪೆಕ್ಟರು ಬಂದರು.

“ತಿಂದು ಮಲಗದೇ ಇರೋರನ್ನೂ ತೋರಿಸ್ಲೇನ್ರೀ?” ಎಂದೆ.

ಅವರು ನಗಲಿಲ್ಲ. ಜ್ವರವೇ ಇಲ್ಲದವರ ಹೊಟ್ಟೆಯಲ್ಲೂ ಆ ಕ್ರಿಮಿ ಅಡಗಿರುತ್ತದಂತೆ. ಮಲ ಪರೀಕ್ಷೆಯಲ್ಲಿ ಅದು ಇಲ್ಲವೆಂದು ಬರುವತನಕ ಅಡಿಗೆಯವರು ಸೌಟು ಮುಟ್ಟಕೂಡದು ಎಂದು ಹೇಳಿ ಹೊರಟರು. ಸುದ್ದಿ ಬೇಲೂರಿಗೂ ಮುಟ್ಟಿತು. ದೇವಸ್ಥಾನದಲ್ಲಿದ್ದ ಅವರ ಅಣ್ಣ, “ಕ್ರಿಮಿ ಇದೆ ಅಂತಾದ್ರೆ ಇಲ್ಲಿನ ಒಲೆ ಹತ್ರಾನೂ ಬರಬೇಡ” ಎಂದು ಹೇಳಿಕಳಿಸಿದರು. ಅಡಿಗೆ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲದ ಮನುಷ್ಯ, ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟರು. ಸೌಟು ನನ್ನ ಕೈಗೆ ಬಂತು. “ಇದು ತಿನ್ನಕ್ಕೋ, ಗೋಡೆಗೆ ಮೆತ್ತಕ್ಕೋ?” ಎಂದು ಗಂಡಸಿ ಊರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬ ನನ್ನ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಎದ್ದುಹೋದ.

ಅರಸೀಕೆರೆಯಲ್ಲಿ, ಸೈನ್ಯದ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದಿದ್ದ ಲೇಡಿ ಡಾಕ್ಟರೊಬ್ಬರು ಮನೆಯ ಮುಂಗೋಣೆಯಲ್ಲೇ ಇಂಥ ಪರೀಕ್ಷೆ ಮಾಡುತ್ತಿದ್ದರು. ಅಡಿಗೆಯವರ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಾನೇ ಬಸ್ಸು ಹತ್ತಿದೆ. ಮಡಿಲಲ್ಲಿ ಅಷ್ಟು ಜೋಪಾನವಾಗಿ ಇಟ್ಟುಕೊಂಡದ್ದು ಕಂಡಕ್ಟರನ ಕಣ್ಣಿಗೆ ಬಿತ್ತು.

“ಏನ್ ಸ್ವಾಮಿ, ಜೇನುತುಪ್ಪ ಐತಾ? ನಮಗೂ ಒಸಿ ರುಚಿ ತೋರ್ಸಿ.”

“ಬೇಕಾದ್ರೆ ಎಲ್ಲಾ ನೀನೇ ಇಟ್ಕೊಳಯ್ಯ,” ಎಂದೆ.

ಡಾಕ್ಟರು ಶೀಶೆ ತೆಗೆದುಕೊಂಡು, ಅದರಲ್ಲಿದ್ದುದನ್ನು ಕಡ್ಡಿಯಲ್ಲಿ ಅಷ್ಟೇ ಅಷ್ಟು ತೆಗೆದು, ಗಾಜಿನ ತಟ್ಟೆಯೊಳಗಿನ ಕೆಂಪು ಜೆಲ್ಲಿಯ ಮೇಲೆ ಗೆರೆ ಎಳೆದರು. ಕ್ರಿಮಿ ಅಲ್ಲಿ ಬೆಳೆದು ಚುಕ್ಕೆಗಳಾಗಿ ಕಾಣಬೇಕಂತೆ. ನಾಳೆ ಬನ್ನಿ ಎಂದರು. ಸಂಜೆಗೇ ಆಗಲ್ವಾ ಎಂದು ಚೌಕಾಸಿ ಮಾಡಿದೆ.

“ನನಗೇನು ಹೇಳ್ತೀರಿ? ಕ್ರಿಮಿಗೆ ಹೇಳಿ.”

ಮಾರನೆಯ ದಿನ ತಟ್ಟೆ ಸಾರಿಸಿದ ಅಂಗಳದಂತೆ ಬರಿದಾಗಿತ್ತು. ನನಗೋ ಹಿಗ್ಗು. “ಕ್ರಿಮಿ ಇಲ್ಲ ಅಂದ್ಮೇಲೆ ಬರೆದು ಕೊಟ್ಬಿಡಿ ತಾಯಿ.”

“ಏನೂ ಇಲ್ಲದ ಹೊಟ್ಟೆ ಪ್ರಪಂಚದಲ್ಲಿಲ್ಲ ಕಣ್ರೀ,” ಎಂದು ಅವರು ಪಕ್ಕದಲ್ಲಿದ್ದ ಬೇರೆ ಯಾರದೋ ತಟ್ಟೆ ತೋರಿಸಿದರು. ಅದರ ತುಂಬ ಕುಂಕುಮ ಕಲಸಿಟ್ಟಂತೆ ಗುಲಾಬಿ ಚುಕ್ಕೆಗಳು. “ಇವು ಜೆಲ್ಲಿಯಲ್ಲಿರೋ ಹಾಲಿನ ಸಕ್ಕರೆ ತಿಂದು ಹೀಗೆ ಬಣ್ಣಕ್ಕೆ ತಿರುಗಿವೆ. ಇವು ನಿಮ್ಮ ಹೊಟ್ಟೇಲೂ ಇವೆ, ನನ್ನ ಹೊಟ್ಟೇಲೂ ಇವೆ. ಜ್ವರದ್ದು ಆ ಸಕ್ಕರೆ ಮುಟ್ಟಲ್ಲ, ಬಿಳಿಚಿಕೊಂಡೇ ಇರುತ್ತೆ. ನಿಮ್ಮದರಲ್ಲಿ ಎರಡೂ ಇಲ್ಲ. ಶೀಶೆಗೆ ಏನು ಮಾಡಿದ್ರಿ?”

ಉರಿದುಕೊಂಡೇ ವಾಪಸು ಬಂದೆ. ಕಟ್ಟೆಯ ಮೇಲಿದ್ದ ಅಡಿಗೆಯವರನ್ನು ಕೇಳಿದರೆ, ತೀರ ವಿನಯದಿಂದ ಹೇಳಿದರು: “ನೀವು ಕೈಯಲ್ಲಿ ಹಿಡಿಯೋ ಶೀಶೆ ಅಲ್ವೇ ಸ್ವಾಮಿ? ಬಿರಡೆ ಹಾಕಿ, ಹಳೇ ಮಡಕೇಲಿಟ್ಟು ಚೆನ್ನಾಗಿ ಕುದಿಸಿ ಕೊಟ್ಟೆ. ಮೈಲಿಗೆ ಅಂಟಬಾರದು ನೋಡಿ.”

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಪರೀಕ್ಷೆಗೆ ಹೋಗಬೇಕಾದ್ದನ್ನು ಬೇಯಿಸಿ ಕಳಿಸಿದ್ದರು! ಎರಡನೆಯ ಸಲ, ಅದನ್ನು ಒಲೆಯ ಹತ್ತಿರ ತರಕೂಡದೆಂದು ಹೇಳಿ, ಅವರು ಕಕ್ಕಸಿನಿಂದ ಆಚೆ ಬರುವತನಕ ಕಾದು ನಿಂತು ಶೀಶೆ ಇಸಿದುಕೊಂಡೆ.

ಈ ಸಲ ಜೆಲ್ಲಿಯ ಮೇಲೆ ಗುಲಾಬಿ ಚುಕ್ಕೆಗಳು ಬಂದಿದ್ದವು. ಆದರೆ ಅವುಗಳ ನಡುವೆ, ನೆನೆಸಿದ ಸಬ್ಬಕ್ಕಿಯ ಹಾಗೆ, ಬಿಳಿಚಿದವೂ ಇದ್ದವು. ಹೆಗಲಿನ ವಲ್ಲಿ ಕಣ್ಣಿಗೊತ್ತಿಕೊಂಡೆ. ಅಡಿಗೆಯವರ ಬಾಳು ಮುಗಿಯಿತು, ಜೊತೆಗೆ ನನ್ನ ಹೋಟೆಲೂ.

“ಅಳಬೇಡಿ,” ಎಂದರು ಡಾಕ್ಟರು. “ಬಿಳಿಚಿದ್ದೆಲ್ಲಾ ಜ್ವರದ್ದೇ ಅಲ್ಲ. ಹಾಗೇ ಕಾಣೋ ಇನ್ನೊಂದಿದೆ. ನೋಡಿದರೆ ಗೊತ್ತಾಗಲ್ಲ, ಬೇರೆ ಕಡೆ ಬೆಳೆಸಬೇಕು.” ಬಿಳಿಚಿದ ಚುಕ್ಕೆಗಳಿಂದ ತುಸು ತುಸು ಎತ್ತಿ, ಹಳದಿ ಜೆಲ್ಲಿಯಿದ್ದ ಕೊಳವೆಗಳಿಗೆ ಸವರಿದರು. ಅದರಲ್ಲಿ ಯೂರಿಯಾ ಇದೆಯಂತೆ. ಜ್ವರದ ಕ್ರಿಮಿಯಾದರೆ ಹಳದಿ ಹಾಗೇ ಉಳಿಯಬೇಕು, ಮತ್ತೊಂದಾದರೆ ಕೆಂಪಾಗಬೇಕು.

ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಎದ್ದು, ಎದ್ದು ಕೂತು, ಮತ್ತೆ ಹೋದೆ. ಅರಿಶಿನದ ನೀರಿಗೆ ಸುಣ್ಣ ಕದಡಿದ ಹಾಗೆ ಕೊಳವೆಗಳೆಲ್ಲ ಓಕುಳಿಯ ಬಣ್ಣಕ್ಕೆ ತಿರುಗಿದ್ದವು.

ಅಷ್ಟಕ್ಕೇ ಬಿಡುವ ಹೆಂಗಸಲ್ಲ ಅವರು. ಒಂದು ಸಲದ್ದನ್ನು ನಂಬಬಾರದಂತೆ. ಮತ್ತೆ ಶೀಶೆ, ಮತ್ತೆ ಬಸ್ಸು, ಮತ್ತೆ ಆ ಕಂಡಕ್ಟರು. ಕೊನೆಗೆ ಜ್ವರದ ಕ್ರಿಮಿ ಇಲ್ಲವೆಂದು ಬರೆದುಕೊಟ್ಟು, ಕಕ್ಕಸಿಗೆ ಹೋಗಿ ಬಂದವರಿಗೆ ಮಡಿಯ ನೀರು ಸಾಲದು, ಸೋಪು ಹಾಕಿ ಕೈ ತೊಳೀಬೇಕು ಎಂದು ಹೇಳಿ ಕಳಿಸಿದರು. ನೀವೂ ಹೋಟೆಲಿಟ್ಟರೆ ಬಚ್ಚಲಲ್ಲಿ ಮೊದಲು ಸೋಪು ಇಡಿ.

ಹಳೇಬೀಡಿನಲ್ಲಿ ಇಳಿದವನೇ ಓಡುತ್ತ ಹೋಗಿ ಹೇಳಿದೆ. ಅಡಿಗೆಯವರು ಕಟ್ಟೆಯಿಂದ ಎದ್ದರು. ಕಣ್ಣೊರೆಸಿಕೊಂಡರು. ಸೋಪು ಹಾಕಿ ಕೈ ತೊಳೆದು ಒಳಗೆ ಹೋಗಿ, ನಾನು ತಳ ಹಿಡಿಸಿದ್ದ ಪಾತ್ರೆಗಳನ್ನು ನೋಡಿ ನಿಟ್ಟುಸಿರಿಟ್ಟು, ಒಲೆ ಹೊತ್ತಿಸಿದರು. ಕಾಫಿ ಕುಡಿಯೋಣವೆಂದು ನಾನೂ ಹೊಸ್ತಿಲಿಗೆ ಕಾಲಿಟ್ಟೆ.

“ಅಲ್ಲೇ ನಿಲ್ಲಿ ಸ್ವಾಮಿ! ಇಷ್ಟು ದಿನ ಅದೆಲ್ಲಾ ಹೊತ್ಕೊಂಡು ಓಡಾಡಿದ್ದೀರಿ. ಕೆರೇಲಿ ಮುಳುಗಿ ಬಂದು ಒಳಗೆ ಬನ್ನಿ.”